ಮೂಲಕೀಲಿ ತೆಗೆಯುವುದಿಲ್ಲ

"ಆ ಒಂದ್ ಸಾಲ್ ತೆಗ್ದ್ ಬಿಸಾಡ್, ಹೆಣೆ. ಬೈಂದೂರ್ ಈಗ್ಳೇ ಸರಿ ಆತ್ತ್" ಎಂದು ನನ್ನ ಅಣ್ಣಯ್ಯ ಕುಂದಾಪುರದ ಆಫೀಸಿನಿಂದ ಫೋನಿನಲ್ಲಿ ಕೂಗಿದ.

"ತೆಗುದಿಲ್ಲ" ಎಂದೆ.

"ಎಂತ ತೆಗುದಿಲ್ಲ? ಜನ ಆಫೀಸಿನ್ ಬಾಗ್ಲಿಗ್ ಬಂದ್ ನಿಂತಿದ್ರ್ ಇಲ್ಲಿ. ಪಾಸ್‌ವರ್ಡ್ ಹೇಳ್. ಲೈನ್‌ಮನ್ ಅಲ್ಲೇ ಇದ್ದ, ಅವ್ನೇ ತೆಗಿತ."

"ಪಾಸ್‌ವರ್ಡೂ ಹೇಳುದಿಲ್ಲ. ನಾನೇ ಬೈಂದೂರಿಗ್ ಹೋತೆ."

ಫೋನು ಇಟ್ಟು ಕಾವಲಿಯ ಮೇಲಿದ್ದ ದೋಸೆಯನ್ನು ತಿರುವಿ ಹಾಕಿದೆ. ಅದು ಆಗಲೇ ಕರಟಿತ್ತು.

ಅದು ಮೇ ತಿಂಗಳ ಒಂದು ಬೆಳಗು. ಹಿಂದಿನ ಸಂಜೆ ಗುಡುಗು ಬಂದಿತ್ತು, ಮಳೆ ಬಂದಿರಲಿಲ್ಲ. ಬೈಂದೂರಿನಲ್ಲಿದ್ದ ನಮ್ಮ ಸರ್ವರ್ ಸಿಡಿಲಿಗೆ ಸುಟ್ಟುಹೋಗಿತ್ತು. ಅಣ್ಣಯ್ಯ ಕುಂದಾಪುರದ ಆಫೀಸಿನ ಕಪಾಟಿನಲ್ಲಿದ್ದ ಹಳೆಯ ಸರ್ವರ್ ಒಂದನ್ನು ಲೈನ್‌ಮನ್ ಕೈಯಲ್ಲಿ ಕಳಿಸಿ ಅದರ ಜಾಗದಲ್ಲಿ ಇಡಿಸಿದ್ದ. ದೀಪ ಹತ್ತಿತು, ಫ್ಯಾನ್ ತಿರುಗಿತು, ಎಲ್ಲ ಸರಿಯಾಯಿತು ಅಂದುಕೊಂಡರು. ಬೆಳಗಾದಾಗ ನೋಡಿದರೆ ಬೈಂದೂರಿನಲ್ಲಿ ನಮ್ಮ ಇಂಟರ್ನೆಟ್ ಹಾಕಿಸಿಕೊಂಡ ಒಬ್ಬರ ಮನೆಯಲ್ಲೂ ಯಾವ ವೆಬ್‌ಸೈಟಿನ ಹೆಸರೂ ತೆರೆದುಕೊಳ್ಳುತ್ತಿಲ್ಲ.

ನಮ್ಮದು ದೊಡ್ಡ ಕಂಪನಿಯಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಅಣ್ಣಯ್ಯ ಮೊದಲು ಟಿ.ವಿ. ಕೇಬಲ್ ಎಳೆದ. ಆಮೇಲೆ ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ಫೈಬರ್ ಎಳೆದ. ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವಳು. ಅವನ ಕೆಲಸ ಬೆಳೆದಾಗ ಕಾಲೇಜು ಬಿಟ್ಟು ಅವನ ಜೊತೆ ಸೇರಿದೆ. ಕಂಬ, ತಂತಿ, ಜನ, ಜಗಳ ಎಲ್ಲ ಅವನದು. ಸರ್ವರುಗಳು ನನ್ನವು. ಕುಂದಾಪುರದಲ್ಲಿ ಒಂದು, ಬ್ರಹ್ಮಾವರದಲ್ಲಿ ಒಂದು, ಬೈಂದೂರಿನಲ್ಲಿ ಒಂದು.

ಆ ಸರ್ವರುಗಳ ಕೆಲಸವನ್ನು ಸುಲಭವಾಗಿ ಹೇಳಬಹುದು. ನಾವು ಫೋನಿನಲ್ಲಿ ಒಂದು ಹೆಸರು ಒತ್ತುತ್ತೇವೆ. ಯಂತ್ರಕ್ಕೆ ಬೇಕಾದದ್ದು ಹೆಸರಲ್ಲ, ಅಂಕಿ. ಈ ಹೆಸರಿಗೆ ಯಾವ ಅಂಕಿ ಎಂದು ಹೊರಗೆ ವಿಚಾರಿಸಿ ತಿಳಿಸುವವರು ಯಾರಾದರೂ ಬೇಕು. ಅದಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಮೊದಮೊದಲು ಆ ಕೆಲಸವನ್ನು ನಮಗೆ ಲೈನು ಕೊಡುವ ದೊಡ್ಡ ಕಂಪನಿಯೇ ಮಾಡುತ್ತಿತ್ತು. ನಾವು ಆ ಕಡೆ ತಲೆ ಹಾಕಿರಲೂ ಇಲ್ಲ.

ತಲೆ ಹಾಕುವಂತೆ ಮಾಡಿದ್ದು ಬ್ರಹ್ಮಾವರದ ಒಬ್ಬ ನಿವೃತ್ತ ಟೀಚರಮ್ಮ. ಅವರು ಒಂದು ದಿನ ಫೋನು ಮಾಡಿ, "ನಾನ್ ಆಸ್ಪತ್ರೆ ಹೆಸ್ರ್ ಒತ್ತುವಾಗ ಒಂದ್ ಅಕ್ಷರ ತಪ್ಪಿತ್ತ್. ಅದಕ್ಕೆ ಹೊಟ್ಟೆ ಕರಗಿಸು ಔಷಧಿ ಪುಟ ಬಂತಲೆ. ಅದ್ ನಿಮ್ದಾ?" ಎಂದು ಕೇಳಿದರು. ನಮ್ಮದಲ್ಲ ಎಂದೆ. "ಮತ್ತೆ ನಿಮ್ ಲೈನಲ್ಲೇ ಹೆಂಗ್ ಬಂತ್?" ಎಂದರು. ಕೂತು ನೋಡಿದಾಗ ತಿಳಿಯಿತು: ಇಲ್ಲದ ಹೆಸರನ್ನು ಯಾರಾದರೂ ಕೇಳಿದರೆ 'ಅಂಥ ಹೆಸರಿಲ್ಲ' ಎಂದು ಹೇಳಬೇಕಾದ ಕಂಪನಿಯ ಸರ್ವರ್ ಹಾಗೆ ಹೇಳದೆ ತನ್ನ ಜಾಹೀರಾತಿನ ಪುಟದ ಅಂಕಿ ಕೊಡುತ್ತಿತ್ತು.

ನನಗೆ ಸಿಟ್ಟು ಬಂತು. 'ಇಲ್ಲ' ಅನ್ನುವುದೂ ಒಂದು ಉತ್ತರವೇ. ಕಾಲೇಜಿನಲ್ಲಿ ಮಕ್ಕಳು ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ನಾನು ಬೈದವಳಲ್ಲ. ಏನೋ ಒಂದು ಕಟ್ಟಿ ಹೇಳಿದರೆ ಬಿಟ್ಟವಳೂ ಅಲ್ಲ.

ಹಾಗೆ ನಮ್ಮದೇ ಸರ್ವರ್ ಇಟ್ಟೆ. ಆದರೂ ಆ ಪುಟ ಅಲ್ಲೊಮ್ಮೆ ಇಲ್ಲೊಮ್ಮೆ ಬರುತ್ತಲೇ ಇತ್ತು. ನಾವು ಹೊರಗೆ ಕಳಿಸಿದ ಪ್ರಶ್ನೆಯನ್ನು ಕಂಪನಿಯವರು ದಾರಿಯಲ್ಲೇ ಹಿಡಿದು, ಬೇರೆಯವರ ಹೆಸರಿನಲ್ಲಿ ತಾವೇ ಉತ್ತರ ಕೊಡುತ್ತಿದ್ದರು. ಅದನ್ನು ತಡೆಯಲು ಇದ್ದ ದಾರಿ ಒಂದೇ. ಬಂದ ಉತ್ತರಕ್ಕೆ ಸಹಿ ಇದೆಯೇ, ಆ ಸಹಿ ಅಸಲಿಯೇ ಎಂದು ಪ್ರತಿ ಸಲವೂ ಪರೀಕ್ಷಿಸುವುದು. ಎಲ್ಲ ಹೆಸರುಗಳಿಗೂ ಸಹಿ ಇರುವುದಿಲ್ಲ. ಇರುವ ಕಡೆಯಲ್ಲಾದರೂ ಕಳ್ಳ ಉತ್ತರ ಸಿಕ್ಕಿಬೀಳುತ್ತದೆ.

ಅಣ್ಣಯ್ಯನಿಗೆ ಇದನ್ನು ವಿವರಿಸಿದಾಗ ಅವನು ಚಾ ಕುಡಿಯುತ್ತಿದ್ದ. "ಸಹಿ ಅಸಲಿ ಅಂದೆಳಿ ಯಾರ್ ಹೇಳುದ್?" ಎಂದ.

"ಅದ್ರ ಮೇಲಿನವ."

"ಅವಂದ್?"

"ಅವನ್ ಮೇಲಿನವ. ಹಂಗೇ ಮೇಲ್ ಹೋಯಿ ಹೋಯಿ ತುದಿಗ್ ಒಬ್ಬ ಇರ್ತ. ಅದಕ್ಕೆ ರೂಟ್ ಅಂತ್ರ್."

"ಆ ತುದಿಯವ್ನ್ ಸಹಿ ಅಸಲಿ ಅಂದ್ ಯಾರ್ ಹೇಳುದ್?"

"ಯಾರೂ ಇಲ್ಲ. ಅವ್ನ್ ಕೀಲಿ ಮುಂಚೆಯೇ ನಮ್ ಹತ್ರ ಇರ್ಕ್. ನಾವೇ ತಂದ್, ನಾವೇ ಪರೀಕ್ಷೆ ಮಾಡಿ, ನಾವೇ ಇಟ್ಕಂಬುದ್."

ಬ್ಯಾಂಕಿನಲ್ಲಿ ಮಾದರಿ ಸಹಿ ಇಟ್ಟುಕೊಳ್ಳುವ ಹಾಗೆ. ಪುಸ್ತಕದಲ್ಲಿ ಅದಕ್ಕೆ ಟ್ರಸ್ಟ್ ಆಂಕರ್ ಎಂಬ ಹೆಸರಿದೆ. ನಾನು ಮೂಲಕೀಲಿ ಎಂದು ಕರೆಯುತ್ತೇನೆ. ಅದೊಂದು ಉದ್ದನೆಯ ಸಾಲು, ಅಂಕಿ ಮತ್ತು ಅಕ್ಷರಗಳ ಸಾಲು. ಅದು ಇದ್ದರೆ ಸರ್ವರ್ ಪರೀಕ್ಷೆ ಮಾಡುತ್ತದೆ. ಆ ಸಾಲನ್ನು ಅಳಿಸಿದರೆ ಬಂದದ್ದನ್ನೆಲ್ಲ ನಂಬುತ್ತದೆ. ಅಣ್ಣಯ್ಯ ಅಳಿಸು ಎಂದದ್ದು ಅದನ್ನೇ.

ಮೂರೂ ಸರ್ವರುಗಳಲ್ಲಿ ಪರೀಕ್ಷೆ ಶುರುವಾದ ಮೇಲೆ ಆ ಜಾಹೀರಾತಿನ ಪುಟ ಹೆಚ್ಚುಕಡಿಮೆ ನಿಂತೇಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ ಕಂಪನಿಯ ಏರಿಯಾ ಮ್ಯಾನೇಜರ್ ನಮ್ಮ ಆಫೀಸಿಗೆ ಬಂದರು. ಘಟ್ಟದ ಮೇಲಿನವರು, ನಯವಾಗಿ ಮಾತನಾಡುವವರು. ನನ್ನ ಎದುರು ಕೂತು, "ಮೇಡಂ, ಇಷ್ಟು ಸಣ್ಣ ಊರಿಗೆ ಇದೆಲ್ಲ ಯಾಕೆ ಬೇಕು? ನಮ್ಮ ಸರ್ವರೇ ಇದೆಯಲ್ಲ" ಎಂದರು.

"ಸಣ್ಣ ಊರಿನವರಿಗೆ ಸುಳ್ಳು ಉತ್ತರ ಸಾಕು ಅಂತಲಾ?" ಎಂದು ಕೇಳಿದೆ.

ಅವರು ನಕ್ಕರು. ಆ ನಗು ನನಗೆ ಇವತ್ತಿಗೂ ನೆನಪಿದೆ. ಸಿಟ್ಟಿನ ನಗುವಲ್ಲ, ಸಣ್ಣ ಮಕ್ಕಳು ದೊಡ್ಡವರ ಚಪ್ಪಲಿ ಹಾಕಿಕೊಂಡು ನಡೆದಾಗ ನಗುತ್ತಾರಲ್ಲ, ಅಂಥದ್ದು. ಸಿಟ್ಟಿನದಾಗಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ.

ಈಗ ಬೈಂದೂರು ಬಿದ್ದ ಬೆಳಗಿಗೆ ಬರುತ್ತೇನೆ. ಮನೆಯ ಹತ್ತಿರ ಕೋಟೇಶ್ವರದಲ್ಲಿ ಬಸ್ಸು ಹತ್ತಿ ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಮರವಂತೆ ಬರುವಷ್ಟರಲ್ಲಿ ಆ ಮ್ಯಾನೇಜರ್ ಫೋನು ಮಾಡಿದರು. ಅಣ್ಣಯ್ಯ ಅವರಿಗೆ ಹೇಳಿರಬೇಕು. ಎಡಗಡೆ ಕಿಟಕಿಯಾಚೆ ಲಾರಿಗಳು ಕಡಲ ದಂಡೆಗೆ ಕಲ್ಲು ಸುರಿಯುತ್ತಿದ್ದವು. ಆ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸುತ್ತಿತ್ತು.

"ಮೇಡಂ, ಒಂದು ಮಾತು. ಈಗ ನಮ್ಮ ಸರ್ವರಿಗೆ ತಿರುಗಿಸಿಬಿಡಿ. ಐದು ನಿಮಿಷದ ಕೆಲಸ. ಜನರಿಗೆ ತೊಂದರೆಯಾಗುವುದು ನಿಮಗೆ ಇಷ್ಟವೇ?"

"ಇಷ್ಟವಿಲ್ಲ. ಅದಕ್ಕೇ ಹೋಗುತ್ತಿದ್ದೇನೆ."

"ಹಟ ಯಾಕೆ ಮೇಡಂ?"

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. "ಒಮ್ಮೆ ತಿರುಗಿಸಿದರೆ ಮತ್ತೆ ತಿರುಗಿ ಬರಲು ನೀವು ಬಿಡುವುದಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು" ಎಂದು ಹೇಳಿ ಫೋನು ಇಟ್ಟೆ. ಧೈರ್ಯದಿಂದ ಹೇಳಿದೆನೆಂದಲ್ಲ. ಸರ್ವರಿಗೆ ಏನಾಗಿದೆ ಎಂದು ನನಗೆ ಇನ್ನೂ ಗೊತ್ತಿರಲಿಲ್ಲ. ಅದನ್ನು ಸರಿಮಾಡಲು ಆಗದೇ ಹೋದರೆ ಸಂಜೆಯೊಳಗೆ ಅವರ ಮಾತನ್ನೇ ಕೇಳಬೇಕಾಗುತ್ತಿತ್ತು.

ಬೈಂದೂರಿನಲ್ಲಿ ನಮ್ಮ ಸರ್ವರ್ ಇರುವುದು ಒಂದು ಐಸ್ ಪ್ಲಾಂಟಿನ ಮಾಳಿಗೆಯ ಕೋಣೆಯಲ್ಲಿ. ಪ್ಲಾಂಟಿನ ಒಡತಿ ಮೀನಿನ ವ್ಯಾಪಾರದ ಮನೆತನದವರು. ಗಂಡ ಹೋದ ಮೇಲೆ ಐಸು, ಲಾರಿ, ವ್ಯಾಪಾರ ಎಲ್ಲವನ್ನೂ ಒಬ್ಬರೇ ನಡೆಸುತ್ತಾರೆ. ನನಗಿಂತ ಹಿರಿಯರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗದ್ದಲದ ನಡುವೆಯೂ ಅವರ ದನಿ ರಸ್ತೆಗೆ ಕೇಳಿಸಿತು.

"ಹ್ವಾಯ್! ಬಂದ್ಯಾ? ಎಂತದೇ ನಿನ್ ಅವತಾರ? ಬೆಳಿಗ್ಗೆಯಿಂದ ಒಂದ್ ಲಾರಿಗೂ ರೇಟ್ ಕಳ್ಸುಕಾತಿಲ್ಲೆ. ಬಂಗ್ಡೆ ಕಾಯ್ಕಂಡ್ ಕೂಕಂತ್ತಾ?"

ಆ ಕಟ್ಟಡದ ದಪ್ಪ ಗೋಡೆಗಳೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅವರ ವ್ಯವಹಾರವೆಲ್ಲ ನಮ್ಮ ಲೈನಿನ ಮೇಲೆ ನಡೆಯುತ್ತಿತ್ತು.

"ಸರಿ ಮಾಡ್ತೆ ಅಕ್ಕ. ಅದಕ್ಕೇ ಬಂದದ್ದ್."

"ನಿನ್ ಅಣ್ಣಯ್ಯ ಹೇಳ್ದ, ಎಂತದೋ ಬಂದ್ ಮಾಡ್ರೆ ಈಗ್ಳೇ ಬತ್ತ್ ಅಂದೆಳಿ. ಹೌದಾ?"

"ಹೌದ್. ಬತ್ತ್."

"ಮತ್ತೆ ಮಾಡ್ ಮಾರಾಯ್ತಿ!"

"ಮಾಡುದಿಲ್ಲ ಅಕ್ಕ."

ಅವರು ಸೊಂಟಕ್ಕೆ ಕೈಯಿಟ್ಟು ನಿಂತರು. ಸುತ್ತಲಿದ್ದ ಕೆಲಸದವರು ಕೆಲಸ ನಿಲ್ಲಿಸಿ ನೋಡತೊಡಗಿದರು. ನಾನು ಅವರಿಗೆ ಸುಳ್ಳು ಹೇಳಬಹುದಿತ್ತು, ಬಂದ್ ಮಾಡಿದರೂ ಬರುವುದಿಲ್ಲ ಎಂದು. ಹೇಳಲಿಲ್ಲ.

"ಬಂದ್ ಮಾಡ್ರೆ ಬತ್ತ್. ಆದ್ರೆ ಬಂದದ್ದ್ ಅಸಲಿಯಾ ನಕಲಿಯಾ ಅಂದ್ ಮತ್ತೆ ನಂಗೂ ಗೊತ್ತಾತಿಲ್ಲೆ, ನಿಮ್ಗೂ ಗೊತ್ತಾತಿಲ್ಲೆ. ನಿಮ್ ಬ್ಯಾಂಕಿನ್ ಹೆಸ್ರ್ ಕೇಂಡ್ರೆ ಯಾರ್ದೋ ಮನೆ ಬಾಗ್ಲ್ ತೋರ್ಸಿರೂ ತೋರ್ಸುಕ್ ಸಾಕ್."

ಅಕ್ಕ ಸೊಂಟದ ಮೇಲಿನ ಕೈ ಇಳಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಒಂದ್ ಸಲ ನಮ್ ಕೇರಳದ ಸಾವ್ಕಾರಂದೇ ಸ್ವರದಗೆ ಯಾರೋ ಫೋನ್ ಮಾಡಿ, ಲಾರಿ ಬೇರೆ ಕಡಿಗ್ ಕಳ್ಸುಕ್ ಹೇಳ್ದ. ಕಳ್ಸ್ದೆ. ಆ ಮೀನ್ ಎಲ್ ಹೋಯ್ತೋ ಇವತ್ತಿನ್ವರಿಗೂ ಗೊತ್ತಿಲ್ಲೆ. ಅವತ್ತಿಂದ ಯಾರೇ ಹೇಳ್ಲಿ, ನಾನ್ ತಿರ್ಗಿ ಫೋನ್ ಮಾಡಿ ಕೇಣದೆ ಲಾರಿ ಬಿಡುದಿಲ್ಲ." ಮೆಟ್ಟಿಲ ಕಡೆ ಕೈ ತೋರಿಸಿದರು. "ಹೋಗ್. ಬೇಗ ಮಾಡ್. ಬಂಗ್ಡೆ ನಿನ್ ಮಾತ್ ಕೇಂತಿಲ್ಲೆ."

ಮೇಲೆ ಹೋಗಿ ಸರ್ವರಿಗೆ ಪರದೆ, ಕೀಬೋರ್ಡು ಜೋಡಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅದರ ಗಡಿಯಾರ. ಕಪಾಟಿನಲ್ಲಿ ಬಹಳ ಕಾಲ ಬಿದ್ದಿದ್ದರಿಂದ ಒಳಗಿನ ಸಣ್ಣ ಬ್ಯಾಟರಿ ಸತ್ತು, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಸಹಿಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಿಂದಿನ ಕಾಲದಲ್ಲಿ ನಿಂತ ಸರ್ವರಿಗೆ ಇವತ್ತಿನ ಸಹಿಗಳೆಲ್ಲ ಇನ್ನೂ ಹುಟ್ಟದ ಸಹಿಗಳು. ಎಲ್ಲವನ್ನೂ ತಿರಸ್ಕರಿಸಿತ್ತು. ತಮಾಷೆಯೆಂದರೆ, ಸರಿಯಾದ ಸಮಯ ಕೇಳಿಕೊಳ್ಳಲು ಅದು ಹೊರಗಿನ ಒಂದು ಯಂತ್ರವನ್ನು ಹೆಸರು ಹಿಡಿದು ಹುಡುಕಬೇಕು. ಹೆಸರು ಸಿಗಬೇಕಾದರೆ ಸಮಯ ಸರಿಯಿರಬೇಕು. ಹಾಗಾಗಿ ತಾನಾಗಿಯೇ ಅದು ಎಂದೂ ಸರಿಯಾಗುತ್ತಿರಲಿಲ್ಲ.

ಕೈಯಿಂದಲೇ ಸಮಯ ಕೂರಿಸಿದೆ. ಮತ್ತೆ ಒಂದು ಹೆಸರು ಕೇಳಿ ನೋಡಿದೆ. ಆಗಲಿಲ್ಲ. ಆದರೆ ಈ ಸಲ ಪರದೆಯ ಮೇಲೆ ಬಂದ ದೂರು ಬೇರೆ ಇತ್ತು: ಸಹಿ ಹಾಕಿದ ಕೀಲಿ ನನ್ನ ಬಳಿ ಇಲ್ಲ.

ಫೈಲು ತೆರೆದೆ. ಅದರಲ್ಲಿದ್ದದ್ದು ಎಲ್ಲಕ್ಕಿಂತ ಮೊದಲಿನ ಮೂಲಕೀಲಿ. ಅದು ಚಲಾವಣೆಯಿಂದ ಹೋಗಿ ವರ್ಷಗಳಾಗಿವೆ. ಈಗ ಚಾಲ್ತಿಯಲ್ಲಿರುವುದು ಎರಡನೆಯದು. ಮೂರನೆಯದೊಂದನ್ನೂ ರೂಟಿನವರು ಆಗಲೇ ಹೊರಗೆ ಬಿಟ್ಟಿದ್ದಾರೆ. ಮುಂದೆ ಅದರಿಂದಲೇ ಸಹಿ ಹಾಕುತ್ತಾರೆ, ಅಷ್ಟರೊಳಗೆ ಎಲ್ಲರೂ ಅದನ್ನು ತಮ್ಮ ಸರ್ವರುಗಳಲ್ಲಿ ಇಟ್ಟುಕೊಂಡಿರಬೇಕು. ಸದಾ ಚಾಲೂ ಇರುವ ಸರ್ವರುಗಳು ಹಳೆಯ ಕೀಲಿಯ ಸಹಿ ನೋಡಿ ಹೊಸ ಕೀಲಿಯನ್ನು ತಾವಾಗಿಯೇ ಸೇರಿಸಿಕೊಳ್ಳುತ್ತವೆ. ಕಪಾಟಿನಲ್ಲಿ ನಿದ್ರೆ ಮಾಡಿದ್ದಕ್ಕೆ ಆ ಭಾಗ್ಯವಿರಲಿಲ್ಲ.

ಬೇನೆ ಏನೆಂದು ಗೊತ್ತಾಯಿತು. ಯಾರೂ ಮೋಸ ಮಾಡಿರಲಿಲ್ಲ. ಸರ್ವರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು: ಗುರುತಿಲ್ಲದವರ ಸಹಿಯನ್ನು ಒಪ್ಪುವುದಿಲ್ಲ ಎಂದಿತ್ತು.

ತಾರಸಿಗೆ ಹೋದರೆ ಮೊಬೈಲ್ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ಫೋನಿನ ಮೂಲಕ ಲ್ಯಾಪ್‌ಟಾಪಿಗೆ ಮೂಲಕೀಲಿಯ ಫೈಲು ಇಳಿಸಿಕೊಂಡೆ. ಅದನ್ನು ಹಾಗೇ ತೆಗೆದುಕೊಂಡು ಹೋಗಿ ಸರ್ವರಿಗೆ ಹಾಕಿದ್ದರೆ ಆ ಕ್ಷಣವೇ ಬೈಂದೂರು ಎದ್ದು ನಿಲ್ಲುತ್ತಿತ್ತು. ಆದರೆ ಆ ಫೈಲೇ ನಕಲಿಯಾಗಿದ್ದರೆ? ಮಿಕ್ಕ ಎಲ್ಲವನ್ನೂ ಪರೀಕ್ಷೆ ಮಾಡುವುದು ಅದರ ಆಧಾರದ ಮೇಲೆ. ಅದನ್ನು ಇನ್ನೊಂದು ದಾರಿಯಿಂದ ಬಂದದ್ದರ ಜೊತೆ ತಾಳೆ ನೋಡಲೇಬೇಕು. ಕುಂದಾಪುರದ ನಮ್ಮ ಸರ್ವರ್ ಎಂದೂ ಆರಿರಲಿಲ್ಲ, ತನ್ನ ಕೀಲಿಗಳನ್ನು ತಾನೇ ಸೇರಿಸಿಕೊಂಡು ಬಂದಿತ್ತು. ಅದರ ಎದುರು ಯಾರಾದರೂ ಕೂತು ನನಗೆ ಓದಿ ಹೇಳಬೇಕು. ಬರೀ ಓದುವುದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ.

ಅಣ್ಣಯ್ಯನಿಗೆ ಫೋನು ಮಾಡಿದೆ.

"ಪಾಸ್‌ವರ್ಡ್ ಹೇಳುಕ್ ಮಾಡದ್ದಾ?" ಎಂದ.

"ಅಲ್ಲ. ನೀನ್ ಕುಂದಾಪ್ರದ ಸರ್ವರ್ ಎದ್ರ್ ಕೂಕೋ. ನಾನ್ ಹೇಳಿದ್ದ್ ಒತ್ತ್. ಬಂದದ್ದ್ ಓದ್."

"ಇಲ್ಲಿ ಜನ ನನ್ ತಲೆ ತಿಂತಿದ್ರ್..."

"ಅಣ್ಣಯ್ಯ. ಓದ್ ನೀನ್."

ಅವನು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ನಾನು ಹೇಳಿದ್ದನ್ನು ಒತ್ತಿದ. "ಉದ್ದ ಇತ್ತಲೆ ಇದ್!" ಎಂದ. ಓದಲು ಶುರುಮಾಡಿದ. ತಾರಸಿಯ ಗಾಳಿಗೆ ಬಿ ಎಂದದ್ದೂ ಡಿ ಎಂದದ್ದೂ ಇ ಎಂದದ್ದೂ ಒಂದೇ ಥರ ಕೇಳಿಸುತ್ತಿತ್ತು. ಎರಡು ಸಲ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದೆವು. ಮೂರನೆಯ ಸಲ ಅವನಿಗೇ ಸಿಟ್ಟು ಬಂದು, ಬಿಗೆ ಬಾಂದ್ರಾ, ಡಿಗೆ ದಾದರ್ ಎಂದು ಅಕ್ಷರಕ್ಕೊಂದರಂತೆ ಮುಂಬಯಿಯ ಸ್ಟೇಷನ್ನು, ಪೇಟೆಗಳ ಹೆಸರು ಹಿಡಿದ.

"ಎಲ್ಫಿನ್‌ಸ್ಟನ್, ಸೊನ್ನೆ, ಆರ್, ದಾದರ್. ನಾಲ್ಕ್, ನಾಲ್ಕ್, ಬಾಂದ್ರಾ, ಎಂಟ್. ಕೇಂತಾ?"

"ಕೇಂತ್. ಮುಂದೆ."

"ಸೊನ್ನೆ, ಬಾಂದ್ರಾ, ಎಂಟ್, ಫೋರ್ಟ್..."

ಅಂಧೇರಿ, ಚರ್ಚ್‌ಗೇಟ್ ಎಲ್ಲ ಬಂದವು. ಅವನು ಆ ಊರಿನಲ್ಲಿ ದುಡಿದ ವರ್ಷಗಳ ಬಗ್ಗೆ ನನ್ನ ಹತ್ತಿರ ಹೆಚ್ಚು ಮಾತನಾಡಿದವನಲ್ಲ. ಆ ಹೆಸರುಗಳು ಅವನ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತವೆಂದು ಕೇಳಿದ್ದು ಅವತ್ತೇ. ನಾನು ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ದಾಟುತ್ತ ಹೋದೆ. ಕೊನೆಯ ದಾದರ್‌ವರೆಗೂ ಒಂದೂ ತಪ್ಪಲಿಲ್ಲ. ಮುಂದೆ ಬರಲಿರುವ ಮೂರನೆಯ ಕೀಲಿಯನ್ನೂ ಹಾಗೇ ಓದಿಸಿದೆ. ಅದೂ ತಾಳೆಯಾಯಿತು.

"ಇಷ್ಟೇಯಾ?" ಎಂದ ಅಣ್ಣಯ್ಯ.

"ಇಷ್ಟೇ."

"ಇದಕ್ಕೆ ಇಷ್ಟ್ ಹಟ ಮಾಡಿದ್ಯಾ ನೀನ್?" ಎಂದ. ಆದರೆ ದನಿಯಲ್ಲಿ ಬೆಳಗಿನ ಕಾವು ಇರಲಿಲ್ಲ.

ಕೆಳಗೆ ಬಂದು ಎರಡೂ ಕೀಲಿಗಳನ್ನು ಹಾಕಿದೆ. ಹಳೆಯದನ್ನು ತೆಗೆದೆ. ಸರ್ವರನ್ನು ಮತ್ತೆ ಶುರುಮಾಡಿ ಒಂದು ಹೆಸರು ಕೇಳಿದೆ. ಉತ್ತರ ಬಂತು, ಪರೀಕ್ಷೆಯಾದ ಗುರುತಿನ ಜೊತೆಗೇ ಬಂತು. ಬೇಕೆಂದೇ ಸಹಿ ಕೆಡಿಸಿ ಇಟ್ಟ ಹೆಸರೊಂದಿದೆ, ಇಂಥ ಪರೀಕ್ಷೆಗೆಂದೇ ಇರುವುದು. ಅದನ್ನು ಕೇಳಿದೆ. ಕೊಡುವುದಿಲ್ಲ ಎಂದಿತು. ಎರಡೂ ಆದ ಮೇಲೆಯೇ ಕುರ್ಚಿಗೆ ಬೆನ್ನು ಕೊಟ್ಟೆ. ಕೆಳಗಿನಿಂದ ಅಕ್ಕನ ದನಿ ಬಂತು: "ಬಂತ್! ಬಂತ್ ಕಾಣ್! ಹ್ವಾಯ್, ಲಾರಿಗ್ ಹೇಳಿ ಹೊರ್ಡುಕೆ!"

ಹೊರಡುವ ಮುನ್ನ ಇನ್ನೊಂದು ಸಂಗತಿ ನೋಡಿದೆ. ಕೀಲಿಯ ಫೈಲಿನಲ್ಲಿ ಬರೆಯುವ ಅನುಮತಿ ಆ ಸರ್ವರಿಗೇ ಇರಲಿಲ್ಲ. ಮುಂದೆ ಕೀಲಿ ಬದಲಾದರೂ ಅದಕ್ಕೆ ಬರೆದಿಟ್ಟುಕೊಳ್ಳಲು ಬರುತ್ತಿರಲಿಲ್ಲ, ಮತ್ತೆ ಇದೇ ಕಥೆ. ಅನುಮತಿ ಕೊಟ್ಟೆ. ಮರುದಿನ ಬ್ರಹ್ಮಾವರಕ್ಕೂ ಹೋಗಿ ಅಲ್ಲಿನ ಸರ್ವರಿನ ಫೈಲನ್ನು ಕಣ್ಣಾರೆ ನೋಡಿಬಂದೆ. ಅಲ್ಲಿ ಎಲ್ಲ ಸರಿಯಿತ್ತು. ಒಂದು ಬಿದ್ದರೆ ಇನ್ನೊಂದು ಹಿಡಿದುಕೊಳ್ಳಲೆಂದು ಪ್ರತಿ ಮನೆಗೂ ಎರಡೆರಡು ಸರ್ವರುಗಳ ವಿಳಾಸ ಕೊಡುವ ಕೆಲಸವನ್ನೂ ಆ ವಾರವೇ ಹಿಡಿದೆವು. ಬೈಂದೂರಿನ ಒಂದು ಲಾಡ್ಜಿನವರು ಮಾತ್ರ ಆ ಬೆಳಗಿನ ಸಿಟ್ಟಿನಲ್ಲಿ ನಮ್ಮ ಲೈನು ಬಿಟ್ಟುಹೋದರು. ಅಣ್ಣಯ್ಯ ಖುದ್ದಾಗಿ ಹೋಗಿ ಕರೆದರೂ ಬರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಸುತ್ತಲಿನ ಸಣ್ಣ ಕೇಬಲಿನವರನ್ನೆಲ್ಲ ಕೋಟೇಶ್ವರದ ಒಂದು ಹೋಟೆಲಿನ ಹಾಲಿಗೆ ಊಟಕ್ಕೆ ಕರೆದರು. ಊಟಕ್ಕೆ ಮುಂಚೆ ಎದ್ದು ನಿಂತು, ಇನ್ನು ಮುಂದೆ ಎಲ್ಲರೂ ಕಂಪನಿಯ ಸರ್ವರನ್ನೇ ಬಳಸಬೇಕು, ಸ್ವಂತ ಸರ್ವರ್ ಇಟ್ಟುಕೊಂಡವರ ದೂರುಗಳನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ ಎಂದರು. "ಬೈಂದೂರಿನಲ್ಲಿ ಏನಾಯಿತು ಎಂದು ನಿಮಗೆಲ್ಲ ಗೊತ್ತೇ ಇದೆ" ಎಂದು ನನ್ನ ಕಡೆ ನೋಡಿದರು.

ನಾನು ಎದ್ದೆ. ಆ ಹಾಲಿನಲ್ಲಿ ಇದ್ದ ಹೆಂಗಸು ನಾನೊಬ್ಬಳೇ.

"ಬೈಂದೂರಿನಲ್ಲಿ ಆದದ್ದನ್ನು ನಾನೇ ಹೇಳುತ್ತೇನೆ" ಎಂದೆ. "ನಮ್ಮ ಸರ್ವರಿನಲ್ಲಿ ಹಳೆಯ ಕೀಲಿ ಇತ್ತು. ಗುರುತು ಸಿಗದ ಸಹಿಯನ್ನು ಅದು ಒಪ್ಪಲಿಲ್ಲ. ಹೊಸ ಕೀಲಿ ಹಾಕಿದೆ, ಸರಿಹೋಯಿತು. ಅರ್ಧ ದಿನ ಜನ ನನ್ನನ್ನು ಬೈದರು. ಬೈಯಲಿ. ನಿಮ್ಮ ಸರ್ವರ್ ಒಂದು ದಿನವೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಯಾವುದಕ್ಕೂ ಬೇಡ ಎನ್ನುವುದಿಲ್ಲ. ಇಲ್ಲದ ಹೆಸರು ಕೇಳಿದರೂ ಒಂದು ಅಂಗಡಿ ತೋರಿಸುತ್ತದೆ. ಅಂಥದ್ದು ನನಗೆ ಬೇಡ."

ಹಾಲಿನಲ್ಲಿ ಯಾರೋ ನಕ್ಕರು. ಯಾರೋ ಕೆಮ್ಮಿದರು. ಮ್ಯಾನೇಜರ್ ನನ್ನನ್ನು ಬಿಟ್ಟು ಅಣ್ಣಯ್ಯನ ಕಡೆ ತಿರುಗಿ, "ನೀವು ಹೇಳಿ ಸರ್. ನೀವು ಅನುಭವಸ್ಥರು" ಎಂದರು.

ಅಣ್ಣಯ್ಯ ಏನು ಹೇಳುತ್ತಾನೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೋಟೆಲು ನಡೆಸಿದವನು, ಗಿರಾಕಿಗೆ ಎಂದೂ ಎದುರು ಮಾತನಾಡದವನು. ಅವನು ಕೂತಲ್ಲಿಂದ ಏಳಲೂ ಇಲ್ಲ.

"ಅವ್ಳ್ ಹೇಳಿದ್ದೇ ನಮ್ ಮಾತ್" ಎಂದ. "ಆ ಕೀಲಿ ನಾನೇ ಒಂದೊಂದಕ್ಷರ ಓದಿ ಹಾಕ್ಸಿದ್ದ್. ಈಗ ತೆಗಿ ಅಂದ್ರೆ ತೆಗುಕಾತಿಲ್ಲೆ." ಮತ್ತೆ, "ಊಟ ಯಾವಾಗ?" ಎಂದು ಕೇಳಿದ.

ಕಂಪನಿಯವರು ಹೇಳಿದಂತೆಯೇ ಮಾಡಿದರು. ಆ ಮಳೆಗಾಲವಿಡೀ ನಾವು ದೂರು ಕೊಟ್ಟರೆ ಎತ್ತಿಕೊಳ್ಳುವವರಿಲ್ಲ. ಲೈನು ತುಂಡಾದರೆ ಎರಡು ದಿನವಾದರೂ ಯಾರೂ ಬರುತ್ತಿರಲಿಲ್ಲ. ಅಣ್ಣಯ್ಯ ನನ್ನ ಮೇಲೆ ರೇಗಿದ್ದೂ ಉಂಟು, ಮಾತು ಬಿಟ್ಟದ್ದೂ ಉಂಟು. ಆದರೆ ಪಾಸ್‌ವರ್ಡ್ ಮಾತ್ರ ಮತ್ತೆ ಕೇಳಲಿಲ್ಲ. ಕೊನೆಗೆ ಅವನೇ ಓಡಾಡಿ ಇನ್ನೊಂದು ಕಂಪನಿಯ ಲೈನು ಹಿಡಿದ. ಮೊದಲ ಮಾತಿಗೇ ಅವರನ್ನು, "ನಾವ್ ಕೇಂಡ ಪ್ರಶ್ನೆಗೆ ದಾರಿಯಗೆ ಬಾಯಿ ಹಾಕ್ತ್ರ್ಯಾ?" ಎಂದು ಕೇಳಿದನಂತೆ. ಪ್ರಶ್ನೆ ಅರ್ಥವಾಗದಿದ್ದರೂ ಅವರು 'ಇಲ್ಲ' ಎಂದರಂತೆ.

ನಾನು ಅದನ್ನೂ ಪರೀಕ್ಷಿಸಿದೆ. ಸದ್ಯಕ್ಕೆ ಬಾಯಿ ಹಾಕುತ್ತಿಲ್ಲ.

ಈಗ ಮೂರೂ ಸರ್ವರುಗಳಲ್ಲಿ ಎರಡೂ ಕೀಲಿಗಳಿವೆ. ತಿಂಗಳಿಗೊಮ್ಮೆ ಫೈಲು ತೆರೆದು ನೋಡುತ್ತೇನೆ. ಕಳೆದ ವಾರ ಹಾಲಾಡಿಯ ಕಡೆ ಕೇಬಲ್ ನಡೆಸುವವರೊಬ್ಬರು ಆಫೀಸಿಗೆ ಬಂದಿದ್ದರು. ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ತಮ್ಮಲ್ಲೂ ಸ್ವಂತ ಸರ್ವರ್ ಇಡಬೇಕು ಎಂದರು. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟು, "ನಿಮ್ ಕೀಲಿ ಫೈಲ್ ಇದಕ್ ಹಾಕಿ ಕೊಡಿ ಅಕ್ಕ. ನಾನ್ ಹಂಗೇ ಕಾಪಿ ಮಾಡ್ಕಂತೆ" ಎಂದರು.

"ಕೊಡುದಿಲ್ಲ" ಎಂದೆ.

ಅವರ ಮುಖ ಕೆಂಪಾಯಿತು. "ಎಂತಕೆ? ನಾನೆಂತ ಕದ್ಕಂಡ್ ಹೋತ್ನಾ?"

"ಅದ್ರಗೆ ಗುಟ್ಟ್ ಎಂತದೂ ಇಲ್ಲೆ, ಯಾರ್ ಬೇಕಾರೂ ಕಾಂಬುಕಾತ್ತ್. ಆದ್ರೆ ನಾನ್ ಕೊಟ್ಟೆ ಅಂದೆಳಿ ನೀವ್ ನಂಬುದಾರೆ, ಕಂಪನಿ ಕೊಟ್ಟದ್ದ್ ನಂಬುಕೇ ಎಂತ ತೊಂದ್ರೆ ಇತ್ತ್? ನೀವೇ ಇಳ್ಸ್ಕಣಿ. ನೀವೇ ಬೇರೆ ದಾರಿಯಗೆ ತಾಳೆ ಕಾಣಿ. ಬೇಕಾರೆ ನನ್ ಫೈಲ್ ನಾನ್ ಓದ್ತೆ, ತಪ್ಪಿದ್ರೆ ಹೇಳಿ."

ಅವರು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಎದ್ದು ಬಾಗಿಲವರೆಗೆ ಹೋದರು. ಹೋದವರು ಅಲ್ಲೇ ನಿಂತರು. ಆಮೇಲೆ ತಿರುಗಿ ಬಂದು, ಕುರ್ಚಿ ಎಳೆದುಕೊಂಡು ತಮ್ಮ ಲ್ಯಾಪ್‌ಟಾಪ್ ತೆರೆದರು.